ಪಿಸ್ತೂಲು ತೋಟಾಗಳ ಹೆಸರು ಮತ್ತು ಮಾನಕ: ಒಂದು ಐತಿಹಾಸಿಕ ವಿವೇಚನೆ

1

ಯಂತ್ರಯುಗದ ವಸ್ತುವೊಂದರ ಹೆಸರಿನಲ್ಲಿ ಸಂಖ್ಯೆಯಿದ್ದರೆ ಅದು ಆ ವಸ್ತುವಿನ ಅಳತೆಯೇ ಆಗಿರಬೇಕೆಂದು ನಾವು ಸಹಜವಾಗಿ ನಂಬುತ್ತೇವೆ. ಪಿಸ್ತೂಲು ಮತ್ತು ರಿವಾಲ್ವರುಗಳ ತೋಟಾಗಳ ವಿಷಯದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. '.38 ಸ್ಪೆಷಲ್' ಎಂಬ ತೋಟಾದ ಗುಂಡಿನ ವ್ಯಾಸ 0.38 ಅಂಗುಲವಲ್ಲ, ಸುಮಾರು 0.357 ಅಂಗುಲ. '.44 ಮ್ಯಾಗ್ನಮ್' ಎಂಬುದರ ಗುಂಡು 0.429 ಅಂಗುಲ. '.38-40' ಎಂಬುದರ ಗುಂಡಾದರೋ 0.40 ಅಂಗುಲ. '.380' ಎಂಬ ಒಂದೇ ಸಂಖ್ಯೆ ಇಂಗ್ಲೆಂಡಿನಲ್ಲಿ ಒಂದು ತೋಟಾಕ್ಕೂ ಅಮೆರಿಕದಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ತೋಟಾಕ್ಕೂ ಹೆಸರಾಗಿದೆ. ಇದಕ್ಕೆ ಪ್ರತಿಯಾಗಿ, ಜರ್ಮನಿಯಲ್ಲಿ ಹುಟ್ಟಿದ ಒಂದೇ ತೋಟಾಕ್ಕೆ ಲೋಕದಲ್ಲಿ ಐದಾರು ಹೆಸರುಗಳು ನಡೆದುಬಂದಿವೆ.

ಇದು ನಿಘಂಟುಕಾರನ ತೊಡಕು ಮಾತ್ರವಾಗಿದ್ದರೆ ಇಷ್ಟು ವಿವೇಚನೆ ಅಗತ್ಯವಿರಲಿಲ್ಲ. ಆದರೆ ಹೆಸರನ್ನು ನಂಬಿ ತುಂಬಿದ ತೋಟಾ ಆಯುಧಕ್ಕೆ ಒಗ್ಗದಿದ್ದರೆ ಸಿಡಿಯುವುದು ಹಿಡಿದವನ ಕೈಯಲ್ಲಿ. ಯಾವ ಆಯುಧವನ್ನು ಪ್ರಜೆ ಇಟ್ಟುಕೊಳ್ಳಬಹುದು, ಯಾವುದನ್ನು ಇಟ್ಟುಕೊಳ್ಳಕೂಡದು ಎಂದು ಕಾನೂನು ಗೆರೆ ಎಳೆಯುವುದೂ ಈ ಹೆಸರುಗಳ ಆಧಾರದ ಮೇಲೆಯೇ. ನ್ಯಾಯಾಲಯದ ಮುಂದೆ ಬರುವ ಖಾಲಿ ಕೋಶವೊಂದನ್ನು ತಜ್ಞನು ಗುರುತಿಸಿ ಹೇಳುವುದೂ ಹೆಸರಿನ ಮೂಲಕವೇ. ಆದುದರಿಂದ ಈ ಹೆಸರುಗಳು ಹೇಗೆ ಹುಟ್ಟಿದವು, ಏತಕ್ಕೆ ಅಳತೆಯಿಂದ ದೂರ ಸರಿದವು, ಅವುಗಳಿಗೆ ಖಚಿತವಾದ ಅರ್ಥವನ್ನು ಕೊಡಲು ಯಾವ ಸಂಸ್ಥೆಗಳು ಏನು ಮಾಡಿದವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸುತ್ತೇವೆ. ತೋಟಾದ ಹೆಸರು ಒಂದು ಅಂಕಿತನಾಮವೇ ಹೊರತು ಅಳತೆಯಲ್ಲ, ಆ ಅಂಕಿತನಾಮಕ್ಕೆ ಅರ್ಥ ಬರುವುದು ಅದರ ಹಿಂದೆ ನಿಂತಿರುವ ಮಾನಕದಿಂದ ಎಂಬುದು ನಮ್ಮ ಪ್ರತಿಪಾದನೆ.

ಮೊದಲಿಗೆ ಪರಿಭಾಷೆಯ ಮಾತು. ಕನ್ನಡದ ದಿನಬಳಕೆಯಲ್ಲಿ 'ಗುಂಡು' ಎಂಬ ಪದ ಇಡೀ ತೋಟಾಕ್ಕೂ ಅದರಿಂದ ಹಾರಿಹೋಗುವ ಲೋಹದ ತುಂಡಿಗೂ ಸಲ್ಲುತ್ತಿದೆ. ಇಲ್ಲಿ ನಾವು ಇವೆರಡನ್ನೂ ಬೇರ್ಪಡಿಸುತ್ತೇವೆ. ತೋಟಾ ಅಥವಾ ಕಾಡತೂಸು ಎಂದರೆ ನಾಲ್ಕು ಅಂಗಗಳುಳ್ಳ ಒಂದು ವಸ್ತು: ಹಿತ್ತಾಳೆಯ ಕೋಶ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಆಯುಧದಲ್ಲಿ ತೋಟಾ ಕೂರುವ ಜಾಗವನ್ನು ಗೂಡು ಎಂದೂ, ಗುಂಡು ಸಾಗುವ ಕೊಳವೆಯನ್ನು ನಳಿಗೆ ಎಂದೂ ಕರೆಯುತ್ತೇವೆ. ನಳಿಗೆಯ ಒಳಮೈಯಲ್ಲಿ ಗುಂಡನ್ನು ತಿರುಗಿಸುವ ಸುರುಳಿಗೆರೆಗಳನ್ನು ಕೊರೆದಿರುತ್ತಾರೆ. ಆದಕಾರಣ ನಳಿಗೆಗೆ ಒಂದಲ್ಲ, ಎರಡು ವ್ಯಾಸಗಳಿರುತ್ತವೆ: ಗೆರೆಗಳ ನಡುವಣ ದಿಣ್ಣೆಯಿಂದ ಎದುರು ದಿಣ್ಣೆಗೆ ಒಂದು, ಗೆರೆಯ ತಳದಿಂದ ಎದುರು ಗೆರೆಯ ತಳಕ್ಕೆ ಇನ್ನೊಂದು. ಮುಂದಿನ ಗೊಂದಲದ ಒಂದು ಬೀಜ ಇಲ್ಲಿಯೇ ಇದೆ.

ನಮ್ಮ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಪರಿಚಿತವಾದ 'ಹನ್ನೆರಡು ಬೋರಿನ' ಜೋಡುನಳಿಗೆ ಕೋವಿಯ ಹೆಸರಿನಲ್ಲಿರುವ ಸಂಖ್ಯೆ ಕೂಡ ವ್ಯಾಸವಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಉಂಡೆಗಳನ್ನು ಮಾಡಿದರೆ ಒಂದೊಂದು ಉಂಡೆಯ ವ್ಯಾಸವೆಷ್ಟೋ ಅಷ್ಟು ಆ ನಳಿಗೆಯ ವ್ಯಾಸ, ಅಂದರೆ ಸುಮಾರು 18.5 ಮಿಲಿಮೀಟರು. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುತ್ತದೆ. ಈ ಪದ್ಧತಿ ಹಳೆಯದಾದರೂ ನಿಯಮಬದ್ಧವಾಗಿದೆ. ಪಿಸ್ತೂಲು ತೋಟಾಗಳಿಗಾದರೋ ಇಂಥ ಒಂದೇ ನಿಯಮವಿಲ್ಲ.

2

'.38' ಎಂಬ ಹೆಸರಿನ ಚರಿತ್ರೆ ಈ ವಿಷಯಕ್ಕೆ ಅತ್ಯುತ್ತಮವಾದ ನಿದರ್ಶನ. ಅಮೆರಿಕದ ಕೋಲ್ಟ್ ಕಂಪನಿಯವರ 1851ರ 'ನೇವಿ' ರಿವಾಲ್ವರು ತೋಟಾ ಬಳಸುತ್ತಿರಲಿಲ್ಲ. ಉರುಳೆಯ ಗೂಡುಗಳಿಗೆ ಮುಂದಿನಿಂದ ಮದ್ದನ್ನೂ ಸೀಸದ ಉಂಡೆಯನ್ನೂ ತುಂಬಿ ಹಿಂದೆ ಕೇಪು ಏರಿಸುತ್ತಿದ್ದರು. ಅದನ್ನು '.36' ಎಂದು ಕರೆಯುತ್ತಿದ್ದರು. ಇದು ನಳಿಗೆಯ ದಿಣ್ಣೆಗಳ ನಡುವಣ ಅಳತೆ. ಗೂಡಿನಲ್ಲಿ ಕೂರುವ ಉಂಡೆಯಾದರೋ 0.375 ಅಂಗುಲದಷ್ಟು ದಪ್ಪವಾಗಿತ್ತು. ಉರುಳೆಯನ್ನು ಹಿಂದಿನಿಂದ ಮುಂದಕ್ಕೆ ಕೊರೆದು ತೋಟಾ ತುಂಬುವ ಪದ್ಧತಿಯ ಮೇಲೆ ಸ್ಮಿತ್ ಅಂಡ್ ವೆಸ್ಸನ್ ಕಂಪನಿಗಿದ್ದ ಹಕ್ಕಿನ ಅವಧಿ 1869ರಲ್ಲಿ ಮುಗಿಯಿತು. ಅನಂತರ ಹಳೆಯ ರಿವಾಲ್ವರುಗಳನ್ನು ತೋಟಾಕ್ಕೆ ಮಾರ್ಪಡಿಸುವ ಕೆಲಸ ಆರಂಭವಾಯಿತು. ಗೂಡಿನ ವ್ಯಾಸ 0.38 ಅಂಗುಲಕ್ಕೆ ಸಮೀಪವಾಗಿದ್ದುದರಿಂದ ಅದರಲ್ಲಿ ಕೂರುವ ಕೋಶದ ಹೊರವ್ಯಾಸವೂ ಅಷ್ಟೇ ಆಯಿತು. ಗುಂಡಿನ ಮೈ ಕೋಶದ ಹೊರಮೈಯಷ್ಟೇ ಅಗಲವಾಗಿದ್ದು, ಅದರ ಹಿಂತುದಿಯನ್ನು ಮಾತ್ರ ಸಣ್ಣದು ಮಾಡಿ ಕೋಶದ ಬಾಯೊಳಗೆ ತೂರಿಸುತ್ತಿದ್ದರು. ಇಂಥ ತೋಟಾವನ್ನು '.38' ಎಂದು ಕರೆದದ್ದರಲ್ಲಿ ಆಗ ತಪ್ಪೇನೂ ಇರಲಿಲ್ಲ.

ಆದರೆ ಈ ರಚನೆಯಲ್ಲಿ ಒಂದು ಕೊರತೆಯಿತ್ತು. ಗುಂಡಿಗೆ ಸವರಿದ ಕೊಬ್ಬು ಕೋಶದ ಹೊರಗೇ ಉಳಿದು ಧೂಳು ಮರಳುಗಳನ್ನು ಅಂಟಿಸಿಕೊಳ್ಳುತ್ತಿತ್ತು. ಗುಂಡಿನ ಮೈಯನ್ನೇ ಕಿರಿದು ಮಾಡಿ ಕೊಬ್ಬಿನ ಗೆರೆಗಳ ಸಮೇತ ಕೋಶದೊಳಗೆ ಇಡುವುದು ಇದಕ್ಕೆ ಪರಿಹಾರ. ರಷ್ಯ ಸರ್ಕಾರಕ್ಕಾಗಿ 1870-71ರ ಸುಮಾರಿನಲ್ಲಿ ಸ್ಮಿತ್ ಅಂಡ್ ವೆಸ್ಸನ್ ಕಂಪನಿ ತಯಾರಿಸಿದ '.44 ರಷ್ಯನ್' ತೋಟಾದಲ್ಲಿ ಇದನ್ನು ಮಾಡಿ ತೋರಿಸಲಾಯಿತು. ಅದರ ಗುಂಡು 0.429 ಅಂಗುಲಕ್ಕೆ ಇಳಿಯಿತು, ಆದರೂ ಹೆಸರು '.44' ಆಗಿಯೇ ಉಳಿಯಿತು. 1907ರ '.44 ಸ್ಪೆಷಲ್', 1955-56ರ '.44 ಮ್ಯಾಗ್ನಮ್' ಎರಡೂ ಈ ತೋಟಾದ ಕೋಶವನ್ನು ಉದ್ದ ಮಾಡಿ ಪಡೆದವು. ಆದಕಾರಣ ಇಂದಿಗೂ '.44' ಎಂಬ ಹೆಸರಿನಡಿಯಲ್ಲಿ 0.429 ಅಂಗುಲದ ಗುಂಡು ಮಾರಾಟವಾಗುತ್ತಿದೆ.

'.38'ರಲ್ಲಿಯೂ ನಡೆದದ್ದು ಇದೇ. ಅಮೆರಿಕದ ಸೈನ್ಯ 1892ರ ಮಾದರಿಯ ಕೋಲ್ಟ್ ರಿವಾಲ್ವರಿನೊಂದಿಗೆ ಬಳಸಿದ '.38 ಲಾಂಗ್ ಕೋಲ್ಟ್', ಅದರ ಕೋಶವನ್ನು ಬೆಳೆಸಿ 1898ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಹೊರತಂದ '.38 ಸ್ಪೆಷಲ್', ಇವುಗಳಲ್ಲಿ ಕೋಶದ ಹೊರವ್ಯಾಸ 0.379 ಅಂಗುಲದಷ್ಟೇ ಉಳಿಯಿತು. ಗುಂಡು ಮಾತ್ರ ಕೋಶದೊಳಗೆ ಸರಿದು 0.357 ಅಥವಾ 0.358 ಅಂಗುಲವಾಯಿತು. ಹೀಗೆ ಗುಂಡನ್ನು ಬಣ್ಣಿಸಲು ಹುಟ್ಟಿದ ಸಂಖ್ಯೆ ಕಾಲಕ್ರಮದಲ್ಲಿ ಕೋಶದ ಹೊರಮೈಯನ್ನು ಮಾತ್ರ ಹೇಳುವಂತಾಯಿತು. ಇದು ಯಾರ ವಂಚನೆಯೂ ಅಲ್ಲ. ಕೊಳ್ಳುವವನ ಬಾಯಲ್ಲಿ ನೆಲೆಸಿದ ಹೆಸರನ್ನು ಬದಲಾಯಿಸಲು ಯಾವ ವ್ಯಾಪಾರಿಯೂ ಮನಸ್ಸು ಮಾಡಲಿಲ್ಲ.

1934-35ರಲ್ಲಿ ಇದೇ ವಂಶದಲ್ಲಿ ಹೆಚ್ಚಿನ ಒತ್ತಡದ ಹೊಸ ತೋಟಾ ಸಿದ್ಧವಾದಾಗ ಅದಕ್ಕೆ ಗುಂಡಿನ ನಿಜವಾದ ವ್ಯಾಸವನ್ನೇ ಹಿಡಿದು '.357 ಮ್ಯಾಗ್ನಮ್' ಎಂದು ಹೆಸರಿಟ್ಟರು. ಮ್ಯಾಗ್ನಮ್ ಎಂಬುದು ದೊಡ್ಡ ಮದ್ಯದ ಶೀಸೆಗೆ ಸಲ್ಲುತ್ತಿದ್ದ ಲ್ಯಾಟಿನ್ ಪದ. ಇಲ್ಲಿ ಗಮನಿಸಬೇಕಾದ ಅಂಶ ಬೇರೊಂದಿದೆ. '.38 ಸ್ಪೆಷಲ್' ಕೋಶದ ಉದ್ದ 1.155 ಅಂಗುಲ, '.357 ಮ್ಯಾಗ್ನಮ್' ಕೋಶದ್ದು 1.29 ಅಂಗುಲ. ಬಲವಾದ ತೋಟಾ ದುರ್ಬಲವಾದ ಹಳೆಯ ರಿವಾಲ್ವರಿನ ಗೂಡಿನಲ್ಲಿ ಪೂರ್ತಿ ಕೂರದಿರಲೆಂದೇ ಕೋಶವನ್ನು ಸುಮಾರು ಅಂಗುಲದ ಎಂಟನೆಯ ಒಂದು ಭಾಗದಷ್ಟು ಉದ್ದ ಮಾಡಿದ್ದರು. '.38 ಸ್ಪೆಷಲ್' ತೋಟಾವನ್ನು '.357'ರ ರಿವಾಲ್ವರಿನಲ್ಲಿ ಹಾರಿಸಬಹುದು, ತಿರುಗಾಮುರುಗಾ ಆಗದು. ಓದಲು ಬಾರದವನನ್ನೂ ಅವಸರದಲ್ಲಿರುವವನನ್ನೂ ತಡೆಯುವ ಶಕ್ತಿ ಹೆಸರಿಗಿಲ್ಲವೆಂಬುದನ್ನು ಅರಿತು, ಆ ಕೆಲಸವನ್ನು ಲೋಹದ ಆಕಾರಕ್ಕೆ ಒಪ್ಪಿಸಿದ ಜಾಣ್ಮೆಯಿದು.

ಇದೇ ಕಾಲದ ಇನ್ನೊಂದು ವಿವಾದ '.45 ಕೋಲ್ಟ್' ಎಂಬುದರದ್ದು. 1873ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ರಿವಾಲ್ವರಿನ ತೋಟಾಕ್ಕೆ ಇದೇ ಸರಿಯಾದ ಹೆಸರು. ಆದರೆ ಜನರ ಬಾಯಲ್ಲಿ '.45 ಲಾಂಗ್ ಕೋಲ್ಟ್' ಎಂಬುದೂ ನಡೆಯುತ್ತದೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರು ಚರಿತ್ರೆಯ ಒಂದು ಪುಟವನ್ನು ಮರೆಯುತ್ತಾರೆ. 1875ರಲ್ಲಿ ಅದೇ ಸೈನ್ಯ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಸ್ಕೋಫೀಲ್ಡ್ ರಿವಾಲ್ವರನ್ನೂ ತೆಗೆದುಕೊಂಡಿತು. ಕೋಲ್ಟಿನ 1.285 ಅಂಗುಲದ ಕೋಶ ಅದರ ಉರುಳೆಗೆ ಹಿಡಿಸುತ್ತಿರಲಿಲ್ಲ. ಸ್ಕೋಫೀಲ್ಡಿನ 1.10 ಅಂಗುಲದ ಕೋಶವಾದರೋ ಕೋಲ್ಟಿನಲ್ಲಿಯೂ ಕೂರುತ್ತಿತ್ತು. ಎರಡಕ್ಕೂ ಒಗ್ಗುವ ಗಿಡ್ಡ ತೋಟಾವನ್ನೇ ಸೈನ್ಯ ಹಂಚತೊಡಗಿದಾಗ, ಮೂಲದ ತೋಟಾವನ್ನು ಕೇಳುವವನು 'ಉದ್ದದ್ದು' ಎಂದು ಹೇಳಬೇಕಾದದ್ದು ಸ್ವಾಭಾವಿಕ. ಮಾನಕದ ಪಟ್ಟಿಯಲ್ಲಿ ಇಂದು ಇರುವುದು '.45 ಕೋಲ್ಟ್' ಮಾತ್ರ. ಅದನ್ನೇ ಬರೆಯಬೇಕು. ಆದರೂ ಹಳೆಯ ಪತ್ರಗಳಲ್ಲಿ 'ಲಾಂಗ್' ಎಂಬ ವಿಶೇಷಣ ಬಂದಾಗ ಅದಕ್ಕೊಂದು ಕಾರಣವಿತ್ತೆಂಬುದನ್ನು ಇತಿಹಾಸದ ವಿದ್ಯಾರ್ಥಿ ತಿಳಿದಿರಬೇಕು.

3

ಯುರೋಪು ಖಂಡದಲ್ಲಿ ಬೇರೊಂದು ಕ್ರಮ ಬೆಳೆಯಿತು. ಅಲ್ಲಿ ತೋಟಾವನ್ನು ಎರಡು ಸಂಖ್ಯೆಗಳಿಂದ ಗುರುತಿಸುತ್ತಾರೆ: ಮೊದಲನೆಯದು ವ್ಯಾಸ, ಎರಡನೆಯದು ಕೋಶದ ಉದ್ದ, ಎರಡೂ ಮಿಲಿಮೀಟರುಗಳಲ್ಲಿ. 9×17, 9×18, 9×19 ಎಂಬ ಮೂರು ತೋಟಾಗಳು ಬೇರೆ ಬೇರೆಯೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ಕೋಶದ ತಳದಲ್ಲಿ ಹೊರಚಾಚಿದ ಅಂಚಿದ್ದರೆ ಅದನ್ನು ಸೂಚಿಸುವ ಅಕ್ಷರವನ್ನೂ ಸೇರಿಸುತ್ತಾರೆ. ಒಂದೇ ಸಂಖ್ಯೆಯ ಪದ್ಧತಿಗಿಂತ ಇದು ಮೇಲೆಂಬುದು ನಿರ್ವಿವಾದ. ಆದರೂ ಇದು ಪೂರ್ಣವಾದ ವಿವರಣೆಯಲ್ಲ. '7.65' ಎಂಬ ಹೆಸರಿನ ಬ್ರೌನಿಂಗ್ ತೋಟಾದ ಗುಂಡು ಸುಮಾರು 7.9 ಮಿಲಿಮೀಟರು ದಪ್ಪವಿದೆ. ಅಲ್ಲಿ ಹೆಸರು ಬಂದಿರುವುದು ನಳಿಗೆಯ ದಿಣ್ಣೆಗಳ ನಡುವಣ ಅಳತೆಯಿಂದ. 9×19 ಎಂಬುದರಲ್ಲಿ '9' ಗುಂಡಿನ ವ್ಯಾಸಕ್ಕೇ ಹತ್ತಿರವಾಗಿದೆ. 1951ರಲ್ಲಿ ಸೋವಿಯತ್ ಸೈನ್ಯಕ್ಕೆ ಬಂದ 9×18 ಮಕಾರೊವ್ ತೋಟಾದ ಗುಂಡು 9.27 ಮಿಲಿಮೀಟರು. ಹೀಗೆ ಒಂದೇ 'ಒಂಬತ್ತು' ಎರಡು ಕಡೆ ಎರಡು ಅಳತೆಗಳನ್ನು ಹೇಳುತ್ತದೆ.

ಈ ವರ್ಗದಲ್ಲಿ ಅತ್ಯಂತ ಪ್ರಸಿದ್ಧವಾದದ್ದು 9×19. ಬರ್ಲಿನ್ನಿನ ಡಿ.ಡಬ್ಲ್ಯು.ಎಂ. ಕಾರ್ಖಾನೆಯಲ್ಲಿ ಗೇಯಾರ್ಗ್ ಲೂಗರ್ ಎಂಬಾತ 1901-02ರಲ್ಲಿ ಇದನ್ನು ರೂಪಿಸಿದ. 1904ರಲ್ಲಿ ಜರ್ಮನಿಯ ನೌಕಾದಳವೂ 1908ರಲ್ಲಿ ಭೂಸೈನ್ಯವೂ ಇದಕ್ಕೆ ಒಗ್ಗುವ ಲೂಗರ್ ಪಿಸ್ತೂಲನ್ನು ಸ್ವೀಕರಿಸಿದವು. ಅಮೆರಿಕದಲ್ಲಿ ಇದು ರೂಪಿಸಿದವನ ಹೆಸರಿನಿಂದ '9 ಮಿ.ಮೀ. ಲೂಗರ್' ಆಯಿತು. ಮಿಕ್ಕ ಕಡೆ '9 ಮಿ.ಮೀ. ಪರಾಬೆಲಮ್' ಎಂಬುದೇ ಹೆಚ್ಚು ಪ್ರಚಾರಕ್ಕೆ ಬಂತು. ಶಾಂತಿಯನ್ನು ಬಯಸುವವನು ಯುದ್ಧಕ್ಕೆ ಸಿದ್ಧನಾಗಿರಲಿ ಎಂಬ ಲ್ಯಾಟಿನ್ ನಾಣ್ಣುಡಿಯ ಕೊನೆಯ ಪದಗಳಿವು, ಕಾರ್ಖಾನೆಯ ತಂತಿ ವಿಳಾಸವೂ ಅದೇ ಆಗಿತ್ತು. ಜರ್ಮನ್ ಸೈನ್ಯ ಇದನ್ನು ವರ್ಷದ ಮೇಲೆ '08ರ ತೋಟಾ' ಎಂದಿತು. ನ್ಯಾಟೋ ಒಕ್ಕೂಟ ತನ್ನ ಮಾನಕದ ಪ್ರಕಾರ ತಯಾರಾದುದನ್ನು '9 ಮಿ.ಮೀ. ನ್ಯಾಟೋ' ಎನ್ನುತ್ತದೆ. ಹೆಸರುಗಳ ಈ ಕಾಡಿನಿಂದ ಪಾರಾಗಲು ಡಿ.ಡಬ್ಲ್ಯು.ಎಂ. ಕಾರ್ಖಾನೆ ತನ್ನ ಒಂದೊಂದು ಕೋಶಕ್ಕೂ ಕ್ರಮಸಂಖ್ಯೆ ಕೊಟ್ಟಿತ್ತು: 7.63 ಮೌಸರಿಗೆ 403, 7.65 ಪರಾಬೆಲಮಿಗೆ 471, 9 ಮಿ.ಮೀ. ಪರಾಬೆಲಮಿಗೆ 480. ಅಳತೆಯ ಸೋಗನ್ನು ಬಿಟ್ಟು ಹೆಸರನ್ನು ಬರಿಯ ಗುರುತಾಗಿ ಇಟ್ಟುಕೊಂಡ ಈ ಕ್ರಮ ತತ್ತ್ವತಃ ಅತ್ಯಂತ ಪ್ರಾಮಾಣಿಕವಾದುದು. ಆದರೆ ಕೊಳ್ಳುವವನ ನಾಲಗೆಗೆ ಅದು ಹತ್ತಲಿಲ್ಲ.

ಯುದ್ಧಕಾಲದ ಅವಸರದಲ್ಲಿ ಹೆಸರಿಗಿಂತ ಬಣ್ಣವೇ ಹೆಚ್ಚು ನಂಬಿಕೆಗೆ ಅರ್ಹವಾದ ಸಂದರ್ಭವೂ ಇದೆ. 7.63 ಮಿ.ಮೀ. ತೋಟಾಕ್ಕೆಂದು 1896ರಲ್ಲಿ ಹುಟ್ಟಿದ ಮೌಸರ್ ಪಿಸ್ತೂಲನ್ನು 1916ರಲ್ಲಿ ಜರ್ಮನ್ ಸೈನ್ಯ 9 ಮಿ.ಮೀ. ಪರಾಬೆಲಮ್ ತೋಟಾಕ್ಕೆ ಮಾಡಿಸಿಕೊಂಡಿತು. ಹೊರನೋಟಕ್ಕೆ ಎರಡೂ ಒಂದೇ. ಸೈನಿಕನು ತಪ್ಪು ತೋಟಾ ತುಂಬಬಾರದೆಂದು ಹೊಸ ಪಿಸ್ತೂಲಿನ ಮರದ ಹಿಡಿಯ ಮೇಲೆ ದೊಡ್ಡದಾಗಿ '9' ಎಂದು ಕೊರೆದು ಕೆಂಪು ಬಣ್ಣ ತುಂಬಿದರು. ಸಂಗ್ರಾಹಕರು ಇಂದಿಗೂ ಆ ಪಿಸ್ತೂಲನ್ನು 'ಕೆಂಪು ಒಂಬತ್ತು' ಎಂದೇ ಕರೆಯುತ್ತಾರೆ.

4

ಇದುವರೆಗೆ ಹೇಳಿದ ತೊಡಕುಗಳಲ್ಲಿ ಆಕಾರವಾದರೂ ಕಾಪಾಡುತ್ತಿತ್ತು. ಆಕಾರವೂ ಕೈಬಿಡುವ ಸಂದರ್ಭಗಳೇ ನಿಜವಾಗಿ ಅಪಾಯಕರವಾದವು. ಇಟಲಿಯ ಸೈನ್ಯ 1910ರಲ್ಲಿ ಸ್ವೀಕರಿಸಿದ ಗ್ಲಿಸೆಂಟಿ ಪಿಸ್ತೂಲಿನ 9 ಮಿ.ಮೀ. ತೋಟಾ ಅಳತೆಯಲ್ಲಿ ಬಹುಮಟ್ಟಿಗೆ 9×19ರಂತೆಯೇ ಇದೆ. ಆದರೆ ಆ ಪಿಸ್ತೂಲಿನ ರಚನೆ ದುರ್ಬಲವಾದುದರಿಂದ ಅದರಲ್ಲಿ ಮದ್ದಿನ ಬಲವನ್ನು ತಗ್ಗಿಸಿದ್ದರು. ಜರ್ಮನಿಯ ತೋಟಾ ಗ್ಲಿಸೆಂಟಿಯ ಗೂಡಿನಲ್ಲಿ ಯಾವ ಅಡ್ಡಿಯೂ ಇಲ್ಲದೆ ಕೂರುತ್ತದೆ, ಹಾರಿಸಿದರೆ ಪಿಸ್ತೂಲು ಕೆಡುತ್ತದೆ.

ಅಮೆರಿಕದಲ್ಲಿ ಇದಕ್ಕೆ ಸಮನಾದ ಜೋಡಿಯೊಂದಿದೆ. ಜಾನ್ ಬ್ರೌನಿಂಗ್ 1900ರ ಕೋಲ್ಟ್ ಪಿಸ್ತೂಲಿಗೆ ರೂಪಿಸಿದ '.38 ಆಟೊಮ್ಯಾಟಿಕ್' ತೋಟಾಕ್ಕೆ 1920ರ ದಶಕದ ಕೊನೆಯಲ್ಲಿ, ಕೋಶದ ಅಳತೆಯನ್ನು ಬದಲಾಯಿಸದೆಯೇ ಹೆಚ್ಚಿನ ಬಲದ ಮದ್ದನ್ನು ತುಂಬಿ '.38 ಸೂಪರ್' ಎಂದು ಹೊರತಂದರು. ಅಮೆರಿಕದ ಮಾನಕದಲ್ಲಿ ಮೊದಲನೆಯದಕ್ಕೆ ಚದರ ಅಂಗುಲಕ್ಕೆ 26,500 ಪೌಂಡು ಒತ್ತಡದ ಮಿತಿಯಾದರೆ ಎರಡನೆಯದಕ್ಕೆ 36,500 ಪೌಂಡು. '.357 ಮ್ಯಾಗ್ನಮ್' ರೂಪಿಸಿದವರು ಕೋಶವನ್ನು ಉದ್ದ ಮಾಡಿ ಕಟ್ಟಿದ ಬೇಲಿ ಇಲ್ಲಿ ಇರಲಿಲ್ಲ. ಹಳೆಯ ಪಿಸ್ತೂಲಿನ ಒಡೆಯನಿಗೆ ರಕ್ಷಣೆಯೆಂದರೆ ತೋಟಾದ ತಳದ ಮೇಲಿನ ಅಕ್ಷರಗಳು ಮಾತ್ರ. ಅರ್ಧ ಶತಮಾನಕ್ಕೆ ಸಮೀಪದ ಅನುಭವದ ಮೇಲೆ, 1974ರಲ್ಲಿ, '.38 ಸೂಪರ್' ತೋಟಾದ ತಳಮುದ್ರೆಗೆ 'ಪ್ಲಸ್ ಪಿ' ಎಂಬ ಹೆಚ್ಚಿನ ಒತ್ತಡದ ಗುರುತನ್ನು ಸೇರಿಸಿದರು.

ಇನ್ನು '.38' ಮತ್ತು '.380' ಎಂಬ ಹೆಸರುಗಳ ಗೋಜಲು. '.38 ಸ್ಮಿತ್ ಅಂಡ್ ವೆಸ್ಸನ್' ಎಂಬುದು '.38 ಸ್ಪೆಷಲ್' ಅಲ್ಲ. ಅದರ ಕೋಶ ಗಿಡ್ಡ, 0.775 ಅಂಗುಲ, ಆದರೆ ಹೆಚ್ಚು ದಪ್ಪ. ಗುಂಡು 0.361 ಅಂಗುಲ. ಇದರದೇ ಆದ 200 ಗ್ರೇನ್ ತೂಕದ ಗುಂಡುಳ್ಳ ರೂಪವನ್ನು ಬ್ರಿಟಿಷ್ ಸೈನ್ಯ 1922ರಲ್ಲಿ ಆರಿಸಿಕೊಂಡು '.380 ರಿವಾಲ್ವರ್' ಎಂದು ಕರೆಯಿತು. ವೆಬ್ಲಿ ಮತ್ತು ಎನ್‌ಫೀಲ್ಡ್ ರಿವಾಲ್ವರುಗಳ ಮೂಲಕ ಅದು ಭಾರತಕ್ಕೂ ಬಂತು. ಆದರೆ ಅಮೆರಿಕದಲ್ಲಿ '.380' ಎಂದರೆ ಬ್ರೌನಿಂಗ್ 1908ರಲ್ಲಿ ಸಣ್ಣ ಪಿಸ್ತೂಲಿಗೆಂದು ಕೊಟ್ಟ ತೋಟಾ, ಯುರೋಪಿನವರ 9×17. ಒಂದಕ್ಕೆ ತಳದಲ್ಲಿ ಹೊರಚಾಚಿದ ಅಂಚಿದೆ, ಇನ್ನೊಂದಕ್ಕಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಕಾರ್ಖಾನೆಯೊಂದರಿಂದಲೇ ಬ್ರಿಟಿಷರಿಗೆ '.38/200' ತೋಟಾದ ರಿವಾಲ್ವರುಗಳೂ ಅಮೆರಿಕದ ನೌಕಾದಳಕ್ಕೆ '.38 ಸ್ಪೆಷಲ್' ರಿವಾಲ್ವರುಗಳೂ ಹೋದವು. ಯುದ್ಧಾನಂತರ ಬ್ರಿಟಿಷರ ಪಾಲಿನವು ಮಾರುಕಟ್ಟೆಗೆ ಬಂದಾಗ ಹಲವನ್ನು ಮುಂದಕ್ಕೆ ಕೊರೆದು '.38 ಸ್ಪೆಷಲ್' ತೋಟಾ ಹಿಡಿಸುವಂತೆ ಮಾಡಿದರು. ಗೂಡಿನ ಹಿಂಭಾಗ ಅಗಲವಾಗಿಯೇ ಉಳಿದುದರಿಂದ ಹಾರಿಸಿದಾಗ ಕೋಶಗಳು ಉಬ್ಬಿ ಸೀಳುತ್ತಿದ್ದವು. 'ಎರಡೂ ಮೂವತ್ತೆಂಟೇ' ಎಂದು ಭಾವಿಸಿದವರಿಗೆ ದೊರೆತ ಪಾಠವಿದು.

5

ಹೆಸರು ಸಾಲದು, ಆಕಾರವೂ ಎಲ್ಲ ಕಡೆ ಸಾಲದು ಎಂದಾದ ಮೇಲೆ ಮೂರನೆಯ ಆಧಾರವೊಂದು ಬೇಕಾಯಿತು. ಅದೇ ಮಾನಕ. ಅದರ ಮೂಲ ಆಯುಧಗಳ ಪರೀಕ್ಷೆಯಲ್ಲಿದೆ. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲಿ ರಾಜಶಾಸನ ದೊರೆಯಿತು. ಬೆಲ್ಜಿಯಮಿನ ಲಿಯೇಜಿನಲ್ಲಿ ನಳಿಗೆಗಳ ಪರೀಕ್ಷೆಗೆ 1672ರಲ್ಲಿ ಆಜ್ಞೆಯಾಯಿತು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಪರೀಕ್ಷಾಗೃಹ ಸ್ಥಾಪಿತವಾಯಿತು. ಮಾಮೂಲಿಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ನಳಿಗೆ ಉಳಿದರೆ ಮುದ್ರೆಯೊತ್ತುವುದು ಈ ಗೃಹಗಳ ಕೆಲಸ. ಆದರೆ ಹೆಚ್ಚು ಎಂದರೆ ಎಷ್ಟು? ಮಾಮೂಲಿ ಎಷ್ಟೆಂಬುದು ಗೊತ್ತಾಗದೆ ಹೆಚ್ಚು ಎಷ್ಟೆಂಬುದು ಗೊತ್ತಾಗುವಂತಿಲ್ಲ. ಕರಿಮದ್ದಿನ ಕಾಲದಲ್ಲಿ ಕೋಶ ತುಂಬುವಷ್ಟು ಮದ್ದು ಎಂಬುದೇ ಒಂದು ಮಿತಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಗೆಯಿಲ್ಲದ ಮದ್ದು ಬಂದಾಗ ಅಷ್ಟೇ ಜಾಗದಲ್ಲಿ ಹಲವು ಪಟ್ಟು ಬಲವನ್ನು ತುಂಬಲು ಸಾಧ್ಯವಾಯಿತು. ಒತ್ತಡದ ಮಿತಿಯನ್ನು ಸಂಖ್ಯೆಯಲ್ಲಿ ಗೊತ್ತುಪಡಿಸುವುದು ಆಗ ಅನಿವಾರ್ಯವಾಯಿತು.

ಈ ಕೆಲಸವನ್ನು ಎರಡು ಸಂಸ್ಥೆಗಳು ಎರಡು ರೀತಿಯಲ್ಲಿ ನಡೆಸಿಕೊಂಡು ಬಂದಿವೆ. ಲಿಯೇಜಿನ ಪರೀಕ್ಷಾಗೃಹದ ಪ್ರಯತ್ನದಿಂದ 1914ರಲ್ಲಿ ಹುಟ್ಟಿ, 1969ರ ಒಪ್ಪಂದದಿಂದ ಈಗಿನ ರೂಪ ಪಡೆದ ಅಂತರರಾಷ್ಟ್ರೀಯ ಶಾಶ್ವತ ಆಯೋಗ, ಸಂಕ್ಷೇಪವಾಗಿ ಸಿ.ಐ.ಪಿ., ಒಂದು. ಅದರ ಸದಸ್ಯ ರಾಷ್ಟ್ರಗಳಲ್ಲಿ ಮಾರಾಟವಾಗುವ ಪ್ರತಿಯೊಂದು ಆಯುಧವೂ ಪರೀಕ್ಷೆಗೆ ಒಳಗಾಗಬೇಕು. ಪಿಸ್ತೂಲು, ರಿವಾಲ್ವರುಗಳನ್ನು ತೋಟಾದ ಗರಿಷ್ಠ ಒತ್ತಡಕ್ಕಿಂತ ಶೇಕಡಾ 30ರಷ್ಟು ಹೆಚ್ಚಿನ ಒತ್ತಡದ ತೋಟಾದಿಂದ ಪರೀಕ್ಷಿಸುತ್ತಾರೆ. ಅಮೆರಿಕದಲ್ಲಿ ಅಲ್ಲಿಯ ಸರ್ಕಾರದ ಕೋರಿಕೆಯಂತೆ ತಯಾರಕರೇ 1926ರಲ್ಲಿ ಕಟ್ಟಿಕೊಂಡ ಸಂಸ್ಥೆ ಇನ್ನೊಂದು. ಅದರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ 'ಸಾಮಿ' ಎನ್ನುತ್ತಾರೆ. ಅದರ ಮಾನಕಗಳನ್ನು ಪಾಲಿಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. ಆದರೂ ದೊಡ್ಡ ತಯಾರಕರೇ ಸದಸ್ಯರಾಗಿರುವುದರಿಂದ ಆಚರಣೆಯಲ್ಲಿ ಅವು ನಿಯಮಗಳೇ ಆಗಿವೆ.

ಎರಡೂ ಸಂಸ್ಥೆಗಳು ಒಂದೊಂದು ತೋಟಾಕ್ಕೂ ಮೂರು ವಿಷಯಗಳನ್ನು ಗೊತ್ತುಪಡಿಸುತ್ತವೆ: ಅದರ ಅಧಿಕೃತ ಹೆಸರು, ತೋಟಾದ ಗರಿಷ್ಠ ಅಳತೆಗಳನ್ನೂ ಗೂಡಿನ ಕನಿಷ್ಠ ಅಳತೆಗಳನ್ನೂ ತೋರಿಸುವ ನಕ್ಷೆ, ಒತ್ತಡದ ಮಿತಿ. ತೋಟಾಕ್ಕೆ ಗರಿಷ್ಠ, ಗೂಡಿಗೆ ಕನಿಷ್ಠ ಎಂಬ ಈ ಕ್ರಮದಲ್ಲಿಯೇ ಮಾನಕದ ಮರ್ಮವಿದೆ. ಯಾವ ಕಾರ್ಖಾನೆಯ ಅತ್ಯಂತ ದಪ್ಪ ತೋಟಾವೂ ಯಾವ ಕಾರ್ಖಾನೆಯ ಅತ್ಯಂತ ಬಿಗಿಯಾದ ಗೂಡಿನಲ್ಲಿಯೂ ಕೂರಬೇಕೆಂಬುದು ಇದರ ತಾತ್ಪರ್ಯ. 9 ಮಿ.ಮೀ. ಲೂಗರ್ ತೋಟಾಕ್ಕೆ 'ಸಾಮಿ' ವಿಧಿಸಿರುವ ಮಿತಿ ಚದರ ಅಂಗುಲಕ್ಕೆ 35,000 ಪೌಂಡು, ಸಿ.ಐ.ಪಿ. ವಿಧಿಸಿರುವುದು 2350 ಬಾರ್. ಲೆಕ್ಕ ಹಾಕಿದರೆ ಎರಡನೆಯದು 34,000 ಪೌಂಡಿಗೆ ಸ್ವಲ್ಪ ಮೇಲಾಗುತ್ತದೆ. ಆದರೆ ಈ ಅಂಕಿಗಳನ್ನು ಸುಮ್ಮನೆ ಹೋಲಿಸಲಾಗದು. ಮೊದಲು ತಾಮ್ರದ ಸಣ್ಣ ಉರುಳೆಯೊಂದು ಎಷ್ಟು ಜಜ್ಜಿಹೋಯಿತೆಂಬುದರಿಂದ ಒತ್ತಡವನ್ನು ಅಂದಾಜು ಮಾಡುತ್ತಿದ್ದರು. ಈಗ ವಿದ್ಯುತ್ ಸಂವೇದಕದಿಂದ ಅಳೆಯುತ್ತಾರೆ. ಸಾಮಾನ್ಯವಾಗಿ ಸಿ.ಐ.ಪಿ. ಕ್ರಮದಲ್ಲಿ ಕೋಶದ ಗೋಡೆಗೆ ರಂಧ್ರ ಕೊರೆದು ಅಳೆದರೆ, 'ಸಾಮಿ' ಕ್ರಮದಲ್ಲಿ ಕೋಶವನ್ನು ಕೊರೆಯದೆ ಅದರ ಹೊರಮೈಗೆ ಸಂವೇದಕವನ್ನು ತಾಗಿಸಿ ಅಳೆಯುತ್ತಾರೆ. ಆದುದರಿಂದ ಅಳೆಯುವ ಕ್ರಮವನ್ನು ಹೇಳದೆ ಒತ್ತಡವನ್ನು ಹೇಳುವುದು ವ್ಯಾಸದ ಹೆಸರಿನಷ್ಟೇ ಅರ್ಧಸತ್ಯವಾಗುತ್ತದೆ.

ಮಾನಕವಿರುವ ಗುರುತಿಗೂ ಇಲ್ಲದ ಗುರುತಿಗೂ ಇರುವ ಅಂತರಕ್ಕೆ 'ಪ್ಲಸ್ ಪಿ' ಒಳ್ಳೆಯ ದೃಷ್ಟಾಂತ. '.38 ಸ್ಪೆಷಲ್' ತೋಟಾದ ಮಿತಿ 17,000 ಪೌಂಡು, ಅದರ 'ಪ್ಲಸ್ ಪಿ' ರೂಪಕ್ಕೆ 20,000 ಪೌಂಡು. ಎರಡೂ ಮಾನಕದಲ್ಲಿವೆ. ಆದರೆ ಕೆಲವು ತಯಾರಕರು 'ಪ್ಲಸ್ ಪಿ ಪ್ಲಸ್' ಎಂಬ ಗುರುತನ್ನೂ ಹಾಕುತ್ತಾರೆ. ಇದಕ್ಕೆ 'ಸಾಮಿ' ಯಾವ ಮಿತಿಯನ್ನೂ ವಿಧಿಸಿಲ್ಲ. ಹೆಚ್ಚು ಎಂಬುದನ್ನು ಮಾತ್ರ ಹೇಳಿ, ಎಷ್ಟು ಎಂಬುದನ್ನು ಹೇಳದ ಹೆಸರಿದು.

6

ಭಾರತದ ಮಟ್ಟಿಗೆ ಈ ಪ್ರಶ್ನೆ ಮುಖ್ಯವಾಗಿ ಕಾನೂನಿನ ಮೂಲಕ ಬಂದಿದೆ. 1959ರ ಆಯುಧ ಅಧಿನಿಯಮದ ಅಡಿಯಲ್ಲಿ ರಚಿತವಾಗಿ, 2016ರಲ್ಲಿ ಹೊಸ ನಿಯಮಗಳು ಬರುವವರೆಗೆ ಜಾರಿಯಲ್ಲಿದ್ದ 1962ರ ಆಯುಧ ನಿಯಮಗಳ ಅನುಸೂಚಿಯಲ್ಲಿ, ಸಾಮಾನ್ಯ ಪ್ರಜೆಗೆ ನಿಷಿದ್ಧವಾದ ಪಿಸ್ತೂಲು, ರಿವಾಲ್ವರುಗಳನ್ನು ವರ್ಣಿಸಿದ ರೀತಿ ಗಮನಾರ್ಹವಾದುದು. ಇಂತಿಷ್ಟು ವ್ಯಾಸದ ಆಯುಧ ಎಂದು ಅಲ್ಲಿ ಹೇಳಿರಲಿಲ್ಲ. ವ್ಯಾಸ ಯಾವುದೇ ಇರಲಿ, .380 ಅಥವಾ .455ರ ಅಂಚುಳ್ಳ ತೋಟಾವನ್ನಾಗಲಿ ಸೈನ್ಯದ 9 ಮಿ.ಮೀ. ತೋಟಾವನ್ನಾಗಲಿ ಗೂಡಿನಲ್ಲಿ ಹಿಡಿದು ಹಾರಿಸಬಲ್ಲ ಆಯುಧ ಎಂಬುದು ಅದರ ಭಾವ. ಈ ವಾಕ್ಯವನ್ನು ಬರೆದವರು ನಳಿಗೆಯ ಸಂಖ್ಯೆಯನ್ನು ನಂಬದೆ, ಯಾವ ತೋಟಾ ಯಾವ ಗೂಡಿನಲ್ಲಿ ಕೂರುತ್ತದೆಂಬ ಸಂಬಂಧವನ್ನೇ ಆಧಾರವಾಗಿ ತೆಗೆದುಕೊಂಡಿದ್ದರು. 'ಅಂಚುಳ್ಳ' ಎಂಬ ಒಂದು ವಿಶೇಷಣ ಅಲ್ಲಿ ಇಲ್ಲದಿದ್ದರೆ ಬ್ರಿಟಿಷರ .380 ಮತ್ತು ಅಮೆರಿಕದವರ .380 ಎರಡೂ ಒಂದೇ ಬಲೆಯಲ್ಲಿ ಸಿಲುಕುತ್ತಿದ್ದವು. ಒಂದೇ ವಾಕ್ಯದಲ್ಲಿ ಅಂಗುಲದ ಹೆಸರೂ ಮಿಲಿಮೀಟರಿನ ಹೆಸರೂ ಕೂಡಿಬಂದಿರುವುದು ನಮ್ಮ ಆಯುಧಗಳ ಮಿಶ್ರ ಪರಂಪರೆಗೆ ಸಾಕ್ಷಿ.

ಸೇವೆಯ ತೋಟಾಗಳು ನಿಷಿದ್ಧವಾದ ಕಡೆ ಅವುಗಳ ಪಕ್ಕದ ತೋಟಾವೊಂದು ನಾಗರಿಕರಲ್ಲಿ ಪ್ರಚಾರಕ್ಕೆ ಬರುವುದು ಬೇರೆ ದೇಶಗಳಲ್ಲಿಯೂ ಕಂಡುಬಂದಿದೆ. ಸೈನ್ಯದ 9×19 ನಾಗರಿಕರಿಗೆ ಬಹುಕಾಲ ನಿಷಿದ್ಧವಾಗಿದ್ದ ಇಟಲಿಯಲ್ಲಿ, ಕೋಶವನ್ನು ಎರಡು ಮಿಲಿಮೀಟರು ಉದ್ದ ಮಾಡಿದ 9×21 ಬಳಕೆಗೆ ಬಂತು. ಭಾರತದಲ್ಲಿ ಆ ಸ್ಥಾನ '.32'ಕ್ಕೆ ದೊರೆಯಿತು. ಭಾರತೀಯ ಆಯುಧ ಕಾರ್ಖಾನೆಗಳು ನಾಗರಿಕರಿಗಾಗಿ ತಯಾರಿಸಿದ .32 ರಿವಾಲ್ವರು, 1896ರಲ್ಲಿ ಹುಟ್ಟಿದ '.32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್' ತೋಟಾಕ್ಕೆ ರೂಪಿತವಾದುದು. ಇದನ್ನೇ 7.65×23 ಎಂದೂ ಕರೆಯುತ್ತಾರೆ. ಅದೇ ಕಾರ್ಖಾನೆಗಳ .32 ಪಿಸ್ತೂಲಿಗಾದರೋ ಬ್ರೌನಿಂಗ್ 1899ರಲ್ಲಿ ಕೊಟ್ಟ 7.65×17 ತೋಟಾ ಬೇಕು. ಎರಡೂ '.32', ಎರಡೂ '7.65'; ಒಂದಕ್ಕೊಂದು ಬದಲಿಯಲ್ಲ. ಪರವಾನಗಿಯ ಪತ್ರದಲ್ಲಾಗಲಿ ಪಂಚನಾಮೆಯಲ್ಲಾಗಲಿ '7.65 ಮಿ.ಮೀ.' ಎಂದಷ್ಟೇ ಬರೆದರೆ ಯಾವ ಆಯುಧದ ತೋಟಾವೆಂಬುದು ಖಚಿತವಾಗುವುದಿಲ್ಲ. ಪ್ರಜೆಯೊಬ್ಬನ ಹಕ್ಕೋ ಸ್ವಾತಂತ್ರ್ಯವೋ ಆ ಒಂದು ಸಾಲನ್ನು ಅವಲಂಬಿಸಿರುವಾಗ ಇದು ಅಲ್ಪ ವಿಷಯವಲ್ಲ.

7

ಮೇಲಿನ ವಿವೇಚನೆಯಿಂದ ಕನ್ನಡದಲ್ಲಿ ಬರೆಯುವ ಇತಿಹಾಸಕಾರರಿಗೂ ಅನುವಾದಕರಿಗೂ ಉಪಯುಕ್ತವಾದ ಕೆಲವು ನಿರ್ಣಯಗಳು ದೊರೆಯುತ್ತವೆ. ಮೊದಲನೆಯದಾಗಿ, ಸಂಖ್ಯೆಯೊಂದನ್ನೇ ಬರೆದರೆ ಹೆಸರಾಗುವುದಿಲ್ಲ. '.38 ಸ್ಪೆಷಲ್', '.38 ಸೂಪರ್', '.38 ಸ್ಮಿತ್ ಅಂಡ್ ವೆಸ್ಸನ್' ಎಂದು ಪೂರ್ಣವಾಗಿ ಬರೆಯಬೇಕು. ಎರಡನೆಯದಾಗಿ, ಹೆಸರಿನೊಳಗಿನ ಸಂಖ್ಯೆಯನ್ನು ಗಣಿತದಿಂದ ಅನುವಾದಿಸಕೂಡದು. 0.38ನ್ನು 25.4ರಿಂದ ಗುಣಿಸಿದರೆ 9.65 ಬರುತ್ತದೆ. ಗುಣಾಕಾರ ಸರಿ, ಆದರೆ '.38 ಸ್ಪೆಷಲ್' ಗುಂಡು 9.65 ಮಿಲಿಮೀಟರಿನದಲ್ಲ, ಸುಮಾರು 9.07ರದು. '.380'ವನ್ನು ಯುರೋಪಿನವರು 9 ಮಿ.ಮೀ. ಎನ್ನುವುದೂ, '.32'ವನ್ನು 8.13 ಎನ್ನದೆ 7.65 ಎನ್ನುವುದೂ ಇದೇ ಕಾರಣದಿಂದ. ಮೂರನೆಯದಾಗಿ, ಹಳೆಯ ದಾಖಲೆಗಳಲ್ಲಿ ಬರುವ ಹೆಸರನ್ನು ಹಾಗೆಯೇ ಉಳಿಸಿಕೊಂಡು, ಇಂದಿನ ಮಾನಕದ ಹೆಸರನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಕೊಡಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ದಾಖಲೆಯ ಕಾಲವೂ ದೇಶವೂ ಅಳಿಸಿಹೋಗುತ್ತವೆ. ನಾಲ್ಕನೆಯದಾಗಿ, ಇಡೀ ವಸ್ತುವಿಗೆ ತೋಟಾ, ಹಾರುವ ಭಾಗಕ್ಕೆ ಗುಂಡು, ಉಳಿಯುವ ಹಿತ್ತಾಳೆಗೆ ಕೋಶ ಎಂಬ ವ್ಯತ್ಯಾಸವನ್ನು ಬರವಣಿಗೆಯಲ್ಲಿ ಕಾಪಾಡಿಕೊಳ್ಳಬೇಕು. ಇದಕ್ಕೆ ಬೇಕಾದ ಪದಗಳು ನಮ್ಮಲ್ಲಿ ಈಗಾಗಲೇ ಇವೆ, ಬಳಕೆಯಲ್ಲಿ ಎಚ್ಚರವೊಂದು ಬೇಕು.

ಕುಶಲಕರ್ಮಿ ತನ್ನ ಆಯುಧಕ್ಕೆ ತಾನೇ ಗುಂಡು ಎರಕಹೊಯ್ಯುತ್ತಿದ್ದ ಕಾಲದಲ್ಲಿ ಹೆಸರಿಗೆ ಹೆಚ್ಚಿನ ಹೊಣೆಯಿರಲಿಲ್ಲ. ಒಂದು ಖಂಡದಲ್ಲಿ ತಯಾರಾದ ತೋಟಾ ಇನ್ನೊಂದು ಖಂಡದ ಆಯುಧದಲ್ಲಿ, ಅವೆರಡನ್ನೂ ಮಾಡಿದವರನ್ನು ಅರಿಯದವನ ಕೈಯಲ್ಲಿ ಹಾರುವ ಕಾಲ ಬಂದಾಗ ಹೊಣೆ ಹೆಸರಿನ ಮೇಲೆ ಬಿತ್ತು. ಹೆಸರು ಒಂದೇ ಅದನ್ನು ಹೊರಲಾರದೆ ಹೋಯಿತು. ಉದ್ದ ಮಾಡಿದ ಕೋಶ, ಹಿಡಿಯ ಮೇಲಿನ ಕೆಂಪು ಒಂಬತ್ತು, ತಳಮುದ್ರೆಯ ಅಕ್ಷರ, ಪರೀಕ್ಷಾಗೃಹದ ಮುದ್ರೆ, ಮಾನಕದ ನಕ್ಷೆ ಇವೆಲ್ಲವೂ ಆ ಹೊರೆಯನ್ನು ಹಂಚಿಕೊಳ್ಳಲು ಒಂದೊಂದಾಗಿ ಬಂದ ಉಪಾಯಗಳು. ಅವುಗಳ ಪೈಕಿ ಹಲವು ಅಪಘಾತಗಳ ಅನಂತರವೇ ಬಂದವು. ತೋಟಾದ ಸರಿಯಾದ ಹೆಸರನ್ನು ಬರೆಯುವವನು ಆ ಅನುಭವದ ಫಲವನ್ನು ಓದುಗನಿಗೆ ತಲುಪಿಸುತ್ತಾನೆ.